ಸ್ಲೋ ಮಾಡಿದಾಗ ಆಫ್ ಆಗುವ ಪಿಕಪ್‌ಗೆ ಬ್ಲೂಟೂತ್ ಒಬಿಡಿ ಸ್ಕ್ಯಾನರ್: ದೀರ್ಘ ಬಳಕೆಯ ವಿಮರ್ಶೆ

ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಇಎಲ್‌ಎಂ327 ಮಾದರಿಯ ಬ್ಲೂಟೂತ್ ಒಬಿಡಿ ಸ್ಕ್ಯಾನರನ್ನು (ಗಾಡಿಯ ಕಂಪ್ಯೂಟರಿನ ಮಾಹಿತಿಯನ್ನು ಫೋನಿಗೆ ಕಳಿಸುವ ಸಾಧನ) ಹೆಚ್ಚಿನವರು ಕೊಳ್ಳುವುದು ಚೆಕ್ ಲೈಟ್ ಆರಿಸಲಿಕ್ಕೆ. ಇದರ ಉಪಯೋಗಗಳಲ್ಲಿ ಅದೇ ಅತಿ ಸಣ್ಣದು. ಓಡುತ್ತಿರುವಾಗ ಚೆನ್ನಾಗಿದ್ದು, ಹಂಪ್ ಅಥವಾ ಸಿಗ್ನಲ್ ಹತ್ತಿರ ಸ್ಲೋ ಮಾಡಿದ ಕೂಡಲೇ ಎಂಜಿನ್ ಆಫ್ ಆಗುವ ತೊಂದರೆ ಇದೆಯಲ್ಲ, ಗ್ಯಾರೇಜಿಗೆ ಒಯ್ದರೆ ಮಾತ್ರ ಕಾಣಿಸಿಕೊಳ್ಳದೇ ಇರುವಂಥದ್ದು, ಅದನ್ನು ಹಿಡಿಯಲು ಇಷ್ಟು ಅಗ್ಗದ ಬೇರೆ ದಾರಿ ಇಲ್ಲ. ಆದರೆ ಬರೀ ಕೋಡ್ (ಗಾಡಿ ದಾಖಲಿಸಿಟ್ಟ ದೋಷದ ಸಂಖ್ಯೆ) ಓದಿ ಸೆನ್ಸರ್ ಬದಲಾಯಿಸುತ್ತ ಹೋದರೆ ಇದರಿಂದ ಖರ್ಚು ಹೆಚ್ಚುತ್ತದೆ. ಇದರ ಬೆಲೆ ಇರುವುದು ಲಾಗ್‌ನಲ್ಲಿ, ಅಂದರೆ ಎಂಜಿನ್ ನಿಂತ ಆ ಒಂದೆರಡು ಸೆಕೆಂಡಿನ ದಾಖಲೆಯಲ್ಲಿ.

ಮೊದಲು ಕೊಳ್ಳುವ ವಿಷಯ. ಬಿಎಸ್-4 ಹೊಗೆ ನಿಯಮ ದೇಶಕ್ಕೆಲ್ಲ ಕಡ್ಡಾಯವಾದದ್ದು 2017ರ ಏಪ್ರಿಲ್‌ನಿಂದ, ಬಿಎಸ್-6 2020ರ ಏಪ್ರಿಲ್‌ನಿಂದ. ಆಮೇಲಿನ ಪಿಕಪ್‌ಗಳಲ್ಲಿ ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಸಿಗುತ್ತದೆ. ಮೆಕ್ಯಾನಿಕಲ್ ಪಂಪಿನ ಹಳೆಯ ಡೀಸೆಲ್ ಗಾಡಿಗೆ ಇದು ಉಪಯೋಗವಿಲ್ಲ. ಮೂಲ ಇಎಲ್‌ಎಂ327 ಚಿಪ್ ತಯಾರಿಸುತ್ತಿದ್ದ ಕೆನಡಾದ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಈಗ ಅಗ್ಗಕ್ಕೆ ಮಾರಾಟವಾಗುವುದೆಲ್ಲ ನಕಲು. ಡಬ್ಬಿಯ ಮೇಲಿನ ‘ವಿ1.5’ ಎಂಬ ಆವೃತ್ತಿಯನ್ನು ಆ ಕಂಪನಿ ಬಿಡುಗಡೆ ಮಾಡಿಯೇ ಇರಲಿಲ್ಲ. ನಕಲು ಅಂದ ಮಾತ್ರಕ್ಕೆ ಎಲ್ಲವೂ ಕೆಟ್ಟದ್ದಲ್ಲ, ಆದರೆ ವೇಗ ಕಡಿಮೆ, ನಡುನಡುವೆ ಸಂಪರ್ಕ ಕಡಿಯುವುದುಂಟು.

ವೇಗ ಕಡಿಮೆ ಇರುವುದರಿಂದಲೇ ಲಾಗ್‌ಗೆ ನಾಲ್ಕೇ ಸಂಗತಿ ಆರಿಸಿಕೊಳ್ಳಬೇಕು: ಆರ್‌ಪಿಎಂ, ಗಾಡಿಯ ವೇಗ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ವೋಲ್ಟೇಜ್, ಜೊತೆಗೆ ಡೀಸೆಲ್ ಆದರೆ ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆಯ ಒತ್ತಡ), ಪೆಟ್ರೋಲ್ ಆದರೆ ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ). ಸ್ಕ್ಯಾನರ್ ಒಂದೊಂದನ್ನೇ ಸರದಿಯಲ್ಲಿ ಕೇಳುತ್ತದೆ; ಹದಿನೈದು ಸಂಗತಿ ಹಾಕಿದರೆ ಎಂಜಿನ್ ನಿಲ್ಲುವ ಗಳಿಗೆ ಎರಡು ಅಳತೆಗಳ ನಡುವೆ ತಪ್ಪಿಹೋಗುತ್ತದೆ. ಟಾರ್ಕ್, ಕಾರ್ ಸ್ಕ್ಯಾನರ್ ಎರಡೂ ಆ್ಯಪ್‌ಗಳಲ್ಲಿ ಲಾಗ್ ಉಳಿಸಿಕೊಳ್ಳಬಹುದು. ಒಬ್ಬರು ಗಾಡಿ ಓಡಿಸಬೇಕು, ಇನ್ನೊಬ್ಬರು ಫೋನ್ ನೋಡಬೇಕು. ಎಂಜಿನ್ ನಿಂತರೆ ಪವರ್ ಸ್ಟೇರಿಂಗ್ ಬಿಗಿಯಾಗುತ್ತದೆ, ಬ್ರೇಕ್ ಬೂಸ್ಟರ್‌ನಲ್ಲಿ ಒಂದೆರಡು ಒತ್ತಿಗಾಗುವಷ್ಟೇ ಬಲ ಉಳಿದಿರುತ್ತದೆ. ಹಾಗಾಗಿ ಖಾಲಿ ರಸ್ತೆಯೇ ಆಗಬೇಕು, ಲೋಡ್ ಇರಬಾರದು.

ಲಾಗ್ ಕೈಗೆ ಬಂದ ಮೇಲೆ ಆರ್‌ಪಿಎಂ ಗೆರೆ ಹೇಗೆ ಬಿತ್ತು ಎಂಬುದನ್ನು ನೋಡಿ. 900ರಲ್ಲಿದ್ದದ್ದು ಮರುಕ್ಷಣ ಸೊನ್ನೆಯಾದರೆ ಅದು ಕರೆಂಟಿನ ಕಡೆಯ ತೊಂದರೆ: ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್, ಅದರ ಕಪ್ಲರ್, ಮೇನ್ ರಿಲೇ, ಅರ್ಥಿಂಗ್ ವಯರ್. ಇಲ್ಲಿ ಸ್ಕ್ಯಾನರ್‌ನ ಸ್ವಂತ ದೀಪವೂ ಒಂದು ಸಾಕ್ಷಿ. ಅದಕ್ಕೆ 16ನೇ ಪಿನ್ನಿಂದ ನೇರ ಬ್ಯಾಟರಿ ಕರೆಂಟ್. ದೀಪ ಉರಿಯುತ್ತಿದ್ದು ಇಸಿಯು ಮಾತ್ರ ಉತ್ತರ ಕೊಡದಿದ್ದರೆ ಮೇನ್ ರಿಲೇ ಅಥವಾ ಇಗ್ನಿಷನ್ ಲೈನ್ ನೋಡಬೇಕು. ದೀಪವೂ ಆರಿದರೆ ಬ್ಯಾಟರಿ ಟರ್ಮಿನಲ್ ಮತ್ತು ಫ್ಯೂಸ್. ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನವಿದ್ದರೆ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ, ಕ್ಲಚ್ ಒತ್ತದೆ, ಆಕ್ಸಿಲರೇಟರ್ ಬಿಟ್ಟು ಗಾಡಿಯನ್ನು ಉರುಳಲು ಬಿಡಿ. ಚಕ್ರಗಳೇ ಎಂಜಿನ್ ತಿರುಗಿಸುತ್ತಿರುವಾಗ ಆರ್‌ಪಿಎಂ ಸೊನ್ನೆ ತೋರಿಸಿದರೆ ಸಿಗ್ನಲ್ ಕಡಿದಿದೆ ಅನ್ನುವುದರಲ್ಲಿ ಸಂಶಯ ಬೇಡ. ಕ್ರ್ಯಾಂಕ್ ಸೆನ್ಸರ್ ದೋಷದ ಪಿ0335 ಕೋಡ್ ಬಂದಿರಲೇಬೇಕು ಅಂತೇನಿಲ್ಲ.

ಆರ್‌ಪಿಎಂ ನಿಧಾನವಾಗಿ 1100, 800, 500 ಅಂತ ಇಳಿದು ಎಂಜಿನ್ ನಿಂತರೆ ಗಾಳಿ, ಇಂಧನ ಅಥವಾ ಕ್ಲಚ್. ಕ್ಲಚ್ಚನ್ನು ಯಾರೂ ನೆನೆಯುವುದಿಲ್ಲ, ಅದಕ್ಕೆ ಕೋಡೂ ಬರುವುದಿಲ್ಲ. ಕ್ಲಚ್ ಒತ್ತಿದ ಮೇಲೂ ವೇಗ ಇಳಿದಷ್ಟೇ ಪ್ರಮಾಣದಲ್ಲಿ ಆರ್‌ಪಿಎಂ ಇಳಿಯುತ್ತಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಮೊದಲೇ ನ್ಯೂಟ್ರಲ್‌ಗೆ ಹಾಕಿ ನಿಲ್ಲಿಸಿದಾಗ ಗಾಡಿ ಆಫ್ ಆಗದಿದ್ದರೆ ಆ ಗುಮಾನಿ ಗಟ್ಟಿಯಾಗುತ್ತದೆ. ಆಗ ಇಂಜೆಕ್ಟರ್ ಬಿಚ್ಚುವ ಮೊದಲು ಕ್ಲಚ್ ಆಯಿಲ್, ಮಾಸ್ಟರ್ ಮತ್ತು ಸ್ಲೇವ್ ಸಿಲಿಂಡರ್ ನೋಡಿ.

ಕಾಮನ್ ರೈಲ್ ಡೀಸೆಲ್‌ನಲ್ಲಿ ಈ ತೊಂದರೆಯ ಜಾಗವೇ ಬೇರೆ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಸಿಯು ಡೀಸೆಲ್ ಪೂರ್ತಿ ನಿಲ್ಲಿಸುತ್ತದೆ. ಆರ್‌ಪಿಎಂ ಐಡಲ್ (ಆಕ್ಸಿಲರೇಟರ್ ಇಲ್ಲದೆ ಎಂಜಿನ್ ಓಡುವ ವೇಗ) ಹತ್ತಿರ ಇಳಿದಾಗ ಮತ್ತೆ ಶುರು ಮಾಡುತ್ತದೆ. ಆ ಮರುಶುರುವಿಗೆ ಬೇಕಾದಷ್ಟು ಪ್ರೆಶರ್ ರೈಲಿನಲ್ಲಿ ಇಲ್ಲದಿದ್ದರೆ ಎಂಜಿನ್ ಕೈಕೊಡುತ್ತದೆ. ಬಿಸಿ ಎಂಜಿನ್ನಿನ ಐಡಲ್‌ನಲ್ಲಿ ಸಾಮಾನ್ಯವಾಗಿ 250ರಿಂದ 350 ಬಾರ್ ಇರುತ್ತದೆ. ಆ್ಯಪ್ ಕಿಲೋಪ್ಯಾಸ್ಕಲ್‌ನಲ್ಲಿ ತೋರಿಸಿದರೆ ನೂರರಿಂದ ಭಾಗಿಸಿ. 30,000 ಅಂದರೆ 300 ಬಾರ್. ಆರ್‌ಪಿಎಂ ಇನ್ನೂ 900 ಇರುವಾಗಲೇ ಪ್ರೆಶರ್ 200 ಬಾರ್‌ಗಿಂತ ಕೆಳಗೆ ಜಾರಿದ್ದರೆ ಇಂಧನದ ಕಡೆ ಹುಡುಕಿ. ಅಗ್ಗದ್ದರಿಂದ ಶುರು ಮಾಡುವುದೇ ಸರಿ: ಫಿಲ್ಟರ್ ತಳದ ನೀರು ಬಿಡಿ, ಫಿಲ್ಟರ್ ಸೀಲ್ ನೋಡಿ, ಫಿಲ್ಟರ್‌ನಿಂದ ಪಂಪಿಗೆ ಹೋಗುವ ಕಡೆ ಸ್ವಲ್ಪ ಹೊತ್ತು ಪಾರದರ್ಶಕ ಪೈಪ್ ಹಾಕಿ ಗುಳ್ಳೆ ಬರುತ್ತದೆಯೇ ನೋಡಿ. ಗುಳ್ಳೆ ಬಂದರೆ ಏರ್ ಎಳೆಯುತ್ತಿದೆ. ಆಮೇಲೆ ರಿಟರ್ನ್ ಪರೀಕ್ಷೆ: ಪ್ರತಿ ಇಂಜೆಕ್ಟರ್‌ನ ರಿಟರ್ನ್ ಪೈಪಿಗೆ ಒಂದೇ ಅಳತೆಯ ಬಾಟಲಿ ಕಟ್ಟಿ ಐಡಲ್‌ನಲ್ಲಿ ಬಿಡಿ, ಉಳಿದವಕ್ಕಿಂತ ಎದ್ದು ಕಾಣುವಷ್ಟು ತುಂಬಿದ್ದರೆ ಆ ಇಂಜೆಕ್ಟರ್ ಸವೆದಿದೆ. ಇವೆಲ್ಲ ಸರಿಯಿದ್ದರೆ ಮಾತ್ರ ಹೈ ಪ್ರೆಶರ್ ಪಂಪಿಗೆ ಹೋಗುವ ಡೀಸೆಲ್ ಅಳೆದು ಬಿಡುವ ಮೀಟರಿಂಗ್ ವಾಲ್ವ್ ಕಡೆ ಹೋಗಿ. ಅದು ಸಿಕ್ಕಿಕೊಳ್ಳುತ್ತಿದ್ದರೆ ಹೆಚ್ಚು ಹರಿವಿನಲ್ಲಿ ಗೊತ್ತಾಗದೆ, ಹರಿವು ಕಡಿಮೆಯಾಗುವ ಈ ಗಳಿಗೆಯಲ್ಲೇ ಕೈಕೊಡುತ್ತದೆ. ಎಂಜಿನ್ ಓಡುವಾಗ ಹೈ ಪ್ರೆಶರ್ ಪೈಪಿನ ನಟ್ ಸಡಿಲಿಸುವ ಹಳೆಯ ಪದ್ಧತಿಯನ್ನು ಇಲ್ಲಿ ಖಂಡಿತ ಮಾಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ರೈಲ್ ಪ್ರೆಶರ್ ಕೊನೆಯವರೆಗೂ ಗಟ್ಟಿಯಾಗಿ ನಿಂತಿದ್ದರೆ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ವಾಪಸ್ ಬಿಡುವ ವಾಲ್ವ್) ನೋಡಿ. ಮಸಿ ಕಟ್ಟಿ ತೆರೆದೇ ಉಳಿದರೆ ಐಡಲ್‌ನಲ್ಲಿ ಒಳಗೆ ಹೋಗುವ ಗಾಳಿಯಲ್ಲಿ ಹೊಗೆಯ ಪಾಲು ಹೆಚ್ಚಾಗಿ ಎಂಜಿನ್ ಉಸಿರುಗಟ್ಟುತ್ತದೆ. ವ್ಯಾಕ್ಯೂಮ್‌ನಿಂದ ನಡೆಯುವ ವಾಲ್ವ್ ಆದರೆ ಅದರ ಹೋಸ್ ತೆಗೆದು, ಹೋಸಿನ ಬಾಯಿ ಮುಚ್ಚಿ ಓಡಿಸಿ; ತೊಂದರೆ ಹೋದರೆ ಉತ್ತರ ಸಿಕ್ಕಿತು. ಹೋಗದಿದ್ದರೂ ವಾಲ್ವ್ ಮಸಿಯಲ್ಲೇ ತೆರೆದು ಸಿಕ್ಕಿಕೊಂಡಿರಬಹುದು, ಆದ್ದರಿಂದ ಬಿಚ್ಚಿ ನೋಡುವುದು ತಪ್ಪುವುದಿಲ್ಲ. ಪರೀಕ್ಷೆಯ ನಂತರ ಹೋಸ್ ವಾಪಸ್ ಹಾಕಿ, ವಾಲ್ವ್ ಕ್ಲೀನ್ ಮಾಡಿ, ಹೊಸ ಪ್ಯಾಕಿಂಗ್ ಹಾಕಿ ಕೂರಿಸಿ.

ಪೆಟ್ರೋಲ್ ಮತ್ತು ಸಿಎನ್‌ಜಿ ಮಿನಿ ಟ್ರಕ್‌ಗಳಲ್ಲಿ ಕೆಲಸ ಸುಲಭ. ಸಿಎನ್‌ಜಿಯಲ್ಲಿ ಆಫ್ ಆಗಿ ಪೆಟ್ರೋಲ್‌ನಲ್ಲಿ ಆಗದಿದ್ದರೆ ಗ್ಯಾಸ್ ಫಿಲ್ಟರ್, ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರ್ ನೋಡಿ. ಎರಡರಲ್ಲೂ ಆದರೆ ಥ್ರಾಟಲ್ ಬಾಡಿಯ ಕಾರ್ಬನ್. ಫ್ಯೂಯಲ್ ಟ್ರಿಮ್ (ಇಸಿಯು ಇಂಧನವನ್ನು ಶೇಕಡಾ ಎಷ್ಟು ಹೆಚ್ಚಿಸಿದೆ ಅಥವಾ ತಗ್ಗಿಸಿದೆ ಎಂಬ ಅಂಕಿ) ಐಡಲ್‌ನಲ್ಲಿ +15 ಇದ್ದು, 2,500 ಆರ್‌ಪಿಎಂನಲ್ಲಿ +3 ಇದ್ದರೆ ಎಲ್ಲೋ ವ್ಯಾಕ್ಯೂಮ್ ಲೀಕ್. ಬ್ರೇಕ್ ಒತ್ತಿದಾಗಲೇ ಆರ್‌ಪಿಎಂ ಬಿದ್ದರೆ ನಿಂತಲ್ಲೇ ಬೂಸ್ಟರ್ ಹೋಸ್ ಅದುಮಿ ಹಿಡಿದು ಮತ್ತೆ ಒತ್ತಿ ನೋಡಿ. ಆಗ ಬೀಳದಿದ್ದರೆ ಬೂಸ್ಟರ್ ಡಯಾಫ್ರಾಮ್ ಹರಿದಿದೆ. ಡೀಸೆಲ್‌ನಲ್ಲಿ ಬೂಸ್ಟರ್‌ಗೆ ಬೇರೆ ವ್ಯಾಕ್ಯೂಮ್ ಪಂಪ್ ಇರುವುದರಿಂದ ಈ ಕಾರಣಕ್ಕೆ ಎಂಜಿನ್ ನಿಲ್ಲುವುದಿಲ್ಲ.

ಇನ್ನು ಕೊರತೆಗಳು. ಇಂಜೆಕ್ಟರ್ ಕರೆಕ್ಷನ್, ಮೀಟರಿಂಗ್ ವಾಲ್ವ್ ಕರೆಂಟ್‌ನಂಥ ಕಂಪನಿಯ ಸ್ವಂತ ಲೆಕ್ಕಗಳನ್ನು ಇಂಥ ಸ್ಕ್ಯಾನರ್ ಸಾಮಾನ್ಯವಾಗಿ ಓದುವುದಿಲ್ಲ. ಥ್ರಾಟಲ್ ಕ್ಲೀನ್ ಮಾಡಿದ ಮೇಲಿನ ಐಡಲ್ ಲರ್ನಿಂಗ್‌ಗೂ ಎಷ್ಟೋ ಗಾಡಿಗಳಲ್ಲಿ ಕಂಪನಿ ಸ್ಕ್ಯಾನರ್ ಬೇಕು. ಸಾಕೆಟ್‌ನಲ್ಲೇ ಬಿಟ್ಟರೆ ಗಾಡಿ ಆಫ್ ಇದ್ದಾಗಲೂ ಬ್ಯಾಟರಿ ಕುಡಿಯುತ್ತದೆ: 40 ಮಿಲಿಆಂಪ್ ಎಳೆದರೆ ದಿನಕ್ಕೆ ಸುಮಾರು ಒಂದು ಆಂಪಿಯರ್-ಅವರ್, ಒಂದು ವಾರ ನಿಂತ ಗಾಡಿಗೆ ಅದು ಕಡಿಮೆಯಲ್ಲ. ಬ್ಲೂಟೂತ್ ಜೋಡಣೆಯ ಪಿನ್ ಸಂಖ್ಯೆ ಹೆಚ್ಚಿನವಕ್ಕೆ 1234 ಅಥವಾ 0000, ಹತ್ತಿರ ನಿಂತ ಯಾರು ಬೇಕಾದರೂ ಸಂಪರ್ಕ ಪಡೆಯಬಹುದು. ಕೆಲಸ ಮುಗಿದ ಕೂಡಲೇ ಕಿತ್ತಿಡಿ.

ಕೋಡ್ ಅಳಿಸುವ ಗುಂಡಿ ಒತ್ತುವ ಮೊದಲು ಫ್ರೀಜ್ ಫ್ರೇಮ್ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಕೋಡ್ ಬಿದ್ದ ಗಳಿಗೆಯ ವೇಗ, ಆರ್‌ಪಿಎಂ, ಕೂಲಂಟ್ ಬಿಸಿ ಅದರಲ್ಲಿರುತ್ತದೆ, ಅಳಿಸಿದರೆ ಅದೂ ಹೋಗುತ್ತದೆ. ರೈಲ್ ಪ್ರೆಶರ್ ಕಡಿಮೆ ಎನ್ನುವ ಪಿ0087 ಕೋಡ್ ಬಂದಿದ್ದು ಫ್ರೇಮ್‌ನಲ್ಲಿ ವೇಗ 70 ಇದ್ದರೆ ಅದು ಲೋಡಿನಲ್ಲಿ ಡೀಸೆಲ್ ಸಾಲದ ಕಥೆ, ಸ್ಲೋ ಮಾಡಿದಾಗಿನ ತೊಂದರೆಗೆ ಅದನ್ನು ಸೀದಾ ಜೋಡಿಸಬೇಡಿ.

ಡೀಸೆಲ್ ಪಿಕಪ್ ಇರುವವರು ಸ್ಕ್ಯಾನರ್ ಬಂದ ದಿನವೇ ಎಂಜಿನ್ ಸ್ಟಾರ್ಟ್ ಮಾಡಿ, ರೈಲ್ ಪ್ರೆಶರ್ ಅಂಕಿ ಬರುತ್ತದೆಯೇ, ಆಕ್ಸಿಲರೇಟರ್ ಕೊಟ್ಟಾಗ ಏರುತ್ತದೆಯೇ ನೋಡಿ. ಕೆಲವು ಗಾಡಿಗಳ ಇಸಿಯು ಅದನ್ನು ಸಾಮಾನ್ಯ ಸ್ಕ್ಯಾನರ್‌ಗೆ ಕೊಡುವುದೇ ಇಲ್ಲ. ಬರದಿದ್ದರೆ ರಿಟರ್ನ್ ಗಡುವು ಮುಗಿಯುವ ಮೊದಲೇ ವಾಪಸ್ ಕಳಿಸಿ, ನಿಮ್ಮ ಮಾಡೆಲ್ ಹೆಸರಿರುವ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಲಾಗ್ ತೆಗೆಸಿಕೊಳ್ಳಿ.