ಕ್ಯಾನಲೆಟೊ ಚಿತ್ರದ ಮುದ್ರಿತ ಪ್ರತಿ: ಕಾಗದದ್ದು ಕೊಳ್ಳಿ, ಕ್ಯಾನ್ವಾಸ್ ಬೇಡ

ಹದಿನೆಂಟನೇ ಶತಮಾನದ ವೆನಿಸ್ ಚಿತ್ರಕಾರ ಕ್ಯಾನಲೆಟೊ ಎಂದರೆ ಗೋಡೆ ತುಂಬುವ ಕಾಲುವೆ ಚಿತ್ರಗಳು ಎಂದುಕೊಂಡವರಿಗೆ ಈ ಚಿತ್ರ ಪುಟ್ಟದೆನಿಸಬಹುದು. ವೆನಿಸ್ಸಿನ ಸ್ಯಾನ್ ಮಾರ್ಕೊ ಚೌಕವನ್ನು ಅದರ ಒಂದು ಬದಿಯ ಉದ್ದ ಕಟ್ಟಡ ಪ್ರೊಕುರಾತಿಯೆ ನುವೊವೆಯ ಕಮಾನಿನಡಿ ನಿಂತು ನೋಡಿದಂತೆ 1756ರ ಸುಮಾರಿಗೆ ಬರೆದದ್ದು. ಮೂಲ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಎತ್ತರ 46.4, ಅಗಲ 38.1 ಸೆಂ.ಮೀ. ಮನೆಯ ಗೋಡೆಗೆ ಮೂಲದಷ್ಟೇ ದೊಡ್ಡ ಪ್ರತಿ ಹಾಕಬಹುದಾದ ಚಿತ್ರಗಳಲ್ಲಿ ಇದೊಂದು. ಹಾಗಿರುವಾಗ ಹಿಗ್ಗಿಸಿ ಮಾರುವುದೇಕೋ!

ಪ್ರತಿ ಎರಡು ಬಗೆಯಲ್ಲಿ ಸಿಗುತ್ತದೆ. ಹತ್ತಿಯ ಮ್ಯಾಟ್ ಕಾಗದದ ಮೇಲಿನದು ಚೆನ್ನಾಗಿದೆ. ಕಂಬಗಳ ಅಂಚು, ನೆಲದ ಪಟ್ಟೆಗಳು ಸ್ಕೇಲಿಟ್ಟು ಎಳೆದಷ್ಟು ನೇರ. ಕ್ಯಾನ್ವಾಸ್ ಮೇಲೆ ಈ ಗೆರೆಗಳೇ ಹಾಳಾಗುತ್ತವೆ: ಬಟ್ಟೆಯ ನೇಯ್ಗೆ ಗೆರೆಗೆ ಅಡ್ಡ ಬಂದು ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ. ಸಾಲದ್ದಕ್ಕೆ ಚಿತ್ರವನ್ನೇ ಚೌಕಟ್ಟಿನ ಪಕ್ಕಕ್ಕೆ ಮಡಚಿ ಕೂರಿಸುತ್ತಾರೆ. ಮರ 3.8 ಸೆಂ.ಮೀ. ದಪ್ಪವಿದ್ದರೆ ಮುಂದೆ ಉಳಿಯುವುದು 38.8 × 30.5 ಮಾತ್ರ; ಅಂಚಿನಲ್ಲಿ ಬರೆದದ್ದೆಲ್ಲ ಪಕ್ಕಕ್ಕೆ ತಿರುಗಿಕೊಳ್ಳುತ್ತದೆ.

ಪ್ರತಿ ಬಂದ ಕೂಡಲೇ ಚಿತ್ರದಲ್ಲಿ ಕಾಫಿ ಬಟ್ಟಲು ಹಿಡಿದವನನ್ನು ಹುಡುಕಿ. (ಹೆಸರಾಂತ ಕಾಫಿ ಅಂಗಡಿ ಫ್ಲೋರಿಯನ್ 1720ರಲ್ಲಿ ಶುರುವಾದದ್ದು ಇದೇ ಕಮಾನುಗಳಡಿ.) ಬಟ್ಟಲು ಬಟ್ಟಲಾಗಿ ಕಂಡರೆ ಮುದ್ರಿಸಿದ ಫೈಲ್ ಒಳ್ಳೆಯದು, ಬರೀ ಬಿಳಿ ಮಸುಕಾಗಿ ಕಂಡರೆ ಸಣ್ಣ ಫೈಲನ್ನು ಎಳೆದು ಹಿಗ್ಗಿಸಿದ್ದಾರೆ. ಈ ಅಳತೆಗೆ 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ) 4500 × 5480 ಪಿಕ್ಸೆಲ್ ಬೇಕು. ಕೊನೆಗಾಲದ ಕ್ಯಾನಲೆಟೊ ಜನರ ಮೇಲೆ ಬೆಳಕನ್ನು ದಪ್ಪ ಬಣ್ಣದ ಚುಕ್ಕೆ, ಅಲ್ಪವಿರಾಮಗಳಂತೆ ಇಡುತ್ತಿದ್ದ. ಆ ಉಬ್ಬು ಯಾವ ಮುದ್ರಣದಲ್ಲೂ ಬರುವುದಿಲ್ಲ, ಅದನ್ನು ದೂರುವಂತಿಲ್ಲ. ದೂರಬೇಕಾದದ್ದು ಕಂಬಸಾಲಿನ ಒಳಗಿನ ನೆರಳನ್ನು. ಮ್ಯಾಟ್ ಕಾಗದದಲ್ಲಿ ಕಪ್ಪು ಪೂರ್ತಿ ಇಳಿಯುವುದಿಲ್ಲ, ತುಸು ಬೂದಿಗೆ ತಿರುಗುತ್ತದೆ. ದೂರದ ಜನ ಗೋಡೆಯೊಳಗೆ ಕರಗುತ್ತಾರೆ. ಹೊಳಪಿನ ಕಾಗದದಲ್ಲಿ ನೆರಳು ಗಾಢವಾಗಿ ಬಂದೀತು, ಆದರೆ ಕಿಟಕಿಯೂ ಅದರಲ್ಲೇ ಕಾಣುತ್ತದೆ. ಅದಕ್ಕಿಂತ ಮ್ಯಾಟೇ ವಾಸಿ.

ಫ್ರೇಮಿನ ವಿಚಾರಕ್ಕೆ ಬಂದರೆ, ಎ3 ಫ್ರೇಮಿನ ಆಸೆ ಬಿಡಿ: ಅದು 42 × 29.7, ಚಿತ್ರವೇ ಅದಕ್ಕಿಂತ ದೊಡ್ಡದು. 16 × 20 ಇಂಚಿನದರಲ್ಲಿ ಕೂರುತ್ತದೆ, ಆದರೆ ಪಕ್ಕದಲ್ಲಿ ಉಳಿಯುವುದು ಬರೀ 1.3 ಸೆಂ.ಮೀ., ಅದರಲ್ಲೂ ಅರ್ಧ ಫ್ರೇಮಿನ ತುಟಿಯೇ ನುಂಗುತ್ತದೆ. 20 × 24 ತೆಗೆದುಕೊಂಡು ಸುತ್ತ ಮೌಂಟ್ (ದಪ್ಪ ರಟ್ಟಿನ ಅಂಚು) ಹಾಕಿಸಿ. ಆಗ ಗಾಜು ಕಾಗದಕ್ಕೆ ತಾಗುವುದೂ ಇಲ್ಲ. ಅಂಗಡಿಯವರು ನಾಲ್ಕೂ ಕಡೆ ಟೇಪ್ ಹೊಡೆಯಲು ಹೋದರೆ ತಡೆಯಿರಿ: ತೇವಕ್ಕೆ ಹಿಗ್ಗುವ ಕಾಗದಕ್ಕೆ ಜಾಗವಿಲ್ಲದೆ ಮಧ್ಯೆ ಉಬ್ಬುತ್ತದೆ. ಮೇಲಂಚಿಗಷ್ಟೇ ಎರಡು ಕಡೆ ಅಂಟಿಸಿದರೆ ಸಾಕು. ಮಂಗಳೂರು, ಕಾರವಾರದ ಕಡೆಯವರು ಫ್ರೇಮಿನ ಕೆಳಮೂಲೆಗಳ ಹಿಂದೆ ಬೆಂಡಿನ ಚೂರು ಅಂಟಿಸಿಕೊಳ್ಳಿ. ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡದಿದ್ದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಆಕಾಶದ ನೀಲಿ ಹಸಿರಾಗಿ ಕಂಡರೆ ಮುದ್ರಣವನ್ನು ಬೈಯುವ ಮೊದಲು ಬಲ್ಬ್ ನೋಡಿ. 2700 ಕೆಲ್ವಿನ್ ಹಳದಿ ಬೆಳಕಿನಲ್ಲಿ ಯಾವ ನೀಲಿಯೂ ಸೋಲುತ್ತದೆ. 4000 ಕೆಲ್ವಿನ್, ಸಿಆರ್‌ಐ (ಬೆಳಕು ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆಂಬ ಅಂಕ) 90ಕ್ಕೆ ಮೇಲಿನದು ಹಾಕಿ ನೋಡಿ. ಆಗಲೂ ಹಸಿರೇ ಕಂಡರೆ ವಾಪಸ್ ಕಳಿಸಿ.