ಮಾಟುಂಗಾದಲ್ಲಿ ಹೊಲಿಗೆಯಿಲ್ಲದ ಇಂಪ್ಲಾಂಟ್: ಕೆಲವು ವರ್ಷಗಳ ಬಳಿಕದ ಅಭಿಪ್ರಾಯ

ಒಸಡನ್ನು ಸೀಳದೆ, ಹೊಲಿಗೆ ಹಾಕದೆ ಇಂಪ್ಲಾಂಟ್ (ಹೋದ ಹಲ್ಲಿನ ಬೇರಿನ ಬದಲು ದವಡೆಯ ಮೂಳೆಯಲ್ಲಿ ಕೂರುವ ಟೈಟಾನಿಯಂ ತಿರುಪು) ಕೂರಿಸುತ್ತೇವೆಂಬ ಫಲಕಗಳು ಈಗ ಮುಂಬಯಿಯ ಉಪನಗರಗಳಲ್ಲೆಲ್ಲ ಕಾಣುತ್ತವೆ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಈ ದಂತ ಚಿಕಿತ್ಸಾಲಯದವರು ಆ ವಿಧಾನ ಯಾರಿಗೆ ಒಗ್ಗದೆಂಬುದನ್ನೂ ಮೊದಲೇ ಹೇಳುತ್ತಾರೆ; ನನ್ನ ಮೆಚ್ಚುಗೆಗೆ ಮುಖ್ಯ ಕಾರಣ ಅದೇ.

ನನಗೆ ಬೇಕಾಗಿದ್ದುದು ಮೇಲ್ದವಡೆಯ ಮುಂದಿನ ಹಲ್ಲು. ಸಿಬಿಸಿಟಿ ಎಂಬ ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನ್‌ನಲ್ಲಿ ಮೂಳೆಯ ಅಗಲ, ಎತ್ತರಗಳನ್ನು ಅಳೆದು, ಕೊರೆಯುವ ಕೋನ ತಪ್ಪದಂತೆ ಹಲ್ಲುಗಳ ಮೇಲೆ ಕೂರುವ ಪಾರದರ್ಶಕ ಗೈಡ್ ಒಂದನ್ನು ಮಾಡಿಸಿದರು. ಕೊರೆಯುವಾಗ ಮೂಳೆ ಸುಮಾರು 47 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿ ಒಂದು ನಿಮಿಷವಿದ್ದರೂ ಅದಕ್ಕೆ ಹಾನಿ. ಗೈಡ್ ಅಡ್ಡವಿದ್ದಾಗ ತಂಪು ನೀರು ಒಳಗೆ ಸರಿಯಾಗಿ ಇಳಿಯುವುದಿಲ್ಲವಾದ್ದರಿಂದ ವೈದ್ಯರು ಡ್ರಿಲ್ಲನ್ನು ಆಗಾಗ ಹೊರತೆಗೆದು ತಣ್ಣನೆಯ ಸಲೈನ್ ಹಾಯಿಸುತ್ತಿದ್ದರು. ಮರುದಿನ ಊತವೇನೂ ಇರಲಿಲ್ಲ.

ಇದನ್ನು ಕಂಡು ಡೊಂಬಿವಲಿಯ ನಮ್ಮ ಭಾವನವರೂ ಹೋದರು. ಸ್ಕ್ಯಾನ್ ನೋಡಿದ ವೈದ್ಯರು, "ರಾಯರೇ, ನಿಮ್ಮ ಮೂಳೆ ತೆಳ್ಳಗಿದೆ. ಒಸಡು ತೆರೆದು, ಕಣ್ಣಾರೆ ನೋಡಿಕೊಂಡು, ಮೂಳೆಪುಡಿ ತುಂಬಿಯೇ ಮಾಡಬೇಕು" ಎಂದರಂತೆ. ಫಲಕ ನೋಡಿ ಬಂದವರಿಗೆ ಹೀಗೆ ಹೇಳುವುದು ವ್ಯಾಪಾರದ ಜಾಣತನವಲ್ಲ, ಆದರೆ ವೈದ್ಯರು ಮಾಡಬೇಕಾದ್ದು ಇದನ್ನೇ.

ಟೈಟಾನಿಯಂ ಮೂಳೆಯೊಡನೆ ಬೆಸೆಯುವುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ 1952ರಲ್ಲಿ ಮೊಲಗಳ ಮೇಲಿನ ಪ್ರಯೋಗದಲ್ಲಿ ಗಮನಿಸಿದರು. ಆ ಬೆಸುಗೆಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಅಷ್ಟು ಕಾಲವೂ ನನಗೆ ತಾತ್ಕಾಲಿಕ ಹಲ್ಲಿತ್ತು. ಕೊನೆಯಲ್ಲಿ, ತೆಳು ಒಸಡಿನ ಮೂಲಕ ಲೋಹದ ಬೂದು ಛಾಯೆ ಕಾಣದಿರಲೆಂದು ಜಿರ್ಕೋನಿಯಾ ಎಂಬ ಬಿಳಿ ಪಿಂಗಾಣಿಯಂಥ ವಸ್ತುವಿನ ಅಬಟ್‌ಮೆಂಟ್ (ಇಂಪ್ಲಾಂಟನ್ನೂ ಕ್ಯಾಪನ್ನೂ ಜೋಡಿಸುವ ತುಂಡು) ಹಾಕಿ ಕ್ಯಾಪ್ ಕೂರಿಸಿದರು.

ಇಷ್ಟು ವರ್ಷಗಳಾದರೂ ಕ್ಯಾಪಿನ ಬಣ್ಣ ಮಾಸಿಲ್ಲ. ಮಾಸಿರುವುದು ಪಕ್ಕದ ಸ್ವಂತ ಹಲ್ಲು, ಹಾಗಾಗಿ ಬಿಸಿಲಿನಲ್ಲಿ ಎರಡರ ವ್ಯತ್ಯಾಸ ತಿಳಿಯುತ್ತದೆ. ಒಸಡಿನ ಅಂಚು ಕೂದಲೆಳೆಯಷ್ಟು ಸರಿದಿದೆ, ತುಟಿ ಎತ್ತಿದರೆ ಮಾತ್ರ ಕಾಣುತ್ತದೆ. ಮೊದಲ ವರ್ಷದ ನಂತರ ಇಂಪ್ಲಾಂಟಿನ ಸುತ್ತಲಿನ ಮೂಳೆಯ ಸವೆತ ವರ್ಷಕ್ಕೆ 0.2 ಮಿಲಿಮೀಟರ್‌ಗಿಂತ ಕಡಿಮೆ ಇರಬೇಕೆಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. ಅದು ತಿಳಿಯಲೆಂದು ಇಲ್ಲಿ ಹಳೆಯ ಎಕ್ಸ್‌ರೇಯನ್ನು ಹೊಸದರ ಪಕ್ಕದಲ್ಲಿಟ್ಟು ತೋರಿಸುತ್ತಾರೆ.

ದೂರುಗಳೂ ಇವೆ. ಮೊದಲು ಹೇಳಿದ ಮೊತ್ತದಲ್ಲಿ ಅಬಟ್‌ಮೆಂಟ್ ಸೇರಿರಲಿಲ್ಲ. ಇಂಪ್ಲಾಂಟಿನ ಕಂಪನಿ, ಅಳತೆ, ಲಾಟ್ ಸಂಖ್ಯೆಗಳಿರುವ ಕಾರ್ಡನ್ನು ನಾನಾಗಿ ಕೇಳಿದ ಮೇಲಷ್ಟೇ ಕೊಟ್ಟರು. ಊರಿಗೆ ಹೋದಾಗ ಸ್ಕ್ರೂ ಸಡಿಲವಾದರೆ ಅಲ್ಲಿನ ವೈದ್ಯರಿಗೆ ಮೊದಲು ಬೇಕಾಗುವುದು ಆ ಕಾರ್ಡೇ ಆದ್ದರಿಂದ, ಅದನ್ನು ಬಿಲ್ಲಿನ ಜೊತೆಗೇ ಕೊಡಬೇಕಿತ್ತು.