ಮ್ಯಾಚ್‌ಗೆ ಇಪ್ಪತ್ತು ನಿಮಿಷ ಇರುವಾಗ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ

ಕೇಬಲ್ ತೆಗೆಸಿ ಆಪ್‌ನಲ್ಲಿ ಕ್ರಿಕೆಟ್ ನೋಡುತ್ತಿರುವವರು, ನೋಡಬೇಕು ಅಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೂ ಓದಿ ಹೇಳಿ. 2025ರ ಮೇ 29ರ ಸಂಜೆ ನಾನು ಮಾಡಿದ ಒಂದು ಫೋನ್ ಕಾಲ್‌ನಿಂದ ನಮ್ಮ ಮನೆಯ 48,398 ರೂಪಾಯಿ ಹೋಯಿತು. ಮಗನ ಶಾಲೆ ಫೀಸ್‌ಗೆಂದು ತೆಗೆದಿಟ್ಟ ದುಡ್ಡು ಅದು.

ನಾವು ಶಿವಮೊಗ್ಗದವರು. ಮನೆಯಲ್ಲಿ ಟೀವಿ ನೋಡುವವರು ಅಂದರೆ ಅಪ್ಪ ಒಬ್ಬರೇ. ಅವರು ನೋಡುವುದೂ ಕ್ರಿಕೆಟ್ ಮತ್ತು ರಾತ್ರಿಯ ವಾರ್ತೆ ಮಾತ್ರ. ಅಷ್ಟಕ್ಕೆ ತಿಂಗಳಿಗೆ 420 ರೂಪಾಯಿ ಕೇಬಲ್ ಬಿಲ್ ಕಟ್ಟುತ್ತಿದ್ದೆವು. 2023 ಮತ್ತು 2024ರಲ್ಲಿ ಐಪಿಎಲ್ ಜಿಯೊಸಿನಿಮಾದಲ್ಲಿ ಪುಕ್ಕಟೆ ಬರುತ್ತಿತ್ತು. ಹಾಗಾಗಿ ಕೇಬಲ್ ಯಾಕೆ ಬೇಕು ಎಂದು ತುಂಬಾ ಮನೆಗಳಲ್ಲಿ ಅನ್ನಿಸಿತ್ತು. 2025ರ ಫೆಬ್ರುವರಿಯಲ್ಲಿ ಜಿಯೊಸಿನಿಮಾ ಮತ್ತು ಹಾಟ್‌ಸ್ಟಾರ್ ಸೇರಿ ಜಿಯೊಹಾಟ್‌ಸ್ಟಾರ್ ಆಯಿತು. ಆಮೇಲೆ ಪೂರ್ತಿ ಮ್ಯಾಚ್ ನೋಡಲು ಪ್ಲಾನ್ ತೆಗೆದುಕೊಳ್ಳಬೇಕಾಯಿತು. ಆದರೂ ಲೆಕ್ಕ ಹಾಕಿದರೆ ಕೇಬಲ್‌ಗಿಂತ ಕಡಿಮೆಯೇ ಬರುತ್ತಿತ್ತು. ಮೇ 9ರಂದು ಗಡಿಯಲ್ಲಿನ ಸಂಘರ್ಷದಿಂದಾಗಿ ಐಪಿಎಲ್ ಒಂದು ವಾರ ನಿಂತಿತಲ್ವಾ, ಆ ವಾರವೇ ನಾವು ಕೇಬಲ್ ತೆಗೆಸಿದೆವು.

17ಕ್ಕೆ ಪಂದ್ಯಗಳು ಮತ್ತೆ ಶುರುವಾದವು. ಆಗ ಬೆಂಗಳೂರಿನಿಂದ ತಮ್ಮ ಬಂದಿದ್ದ. ಅವನ ರೀಚಾರ್ಜ್ ಜೊತೆ ಪ್ಲಾನ್ ಬಂದಿತ್ತು, ಆದರೆ ಅದು ಫೋನಿಗೆ ಮಾತ್ರ. ಅವನ ಫೋನನ್ನು ಚೊಂಬಿಗೆ ಒರಗಿಸಿಟ್ಟು ಅಪ್ಪ ಅಷ್ಟು ಸಣ್ಣ ಪರದೆಯಲ್ಲೇ ನೋಡಿದರು. 27ರಂದು ಲಖನೌದಲ್ಲಿ ಆರ್‌ಸಿಬಿ 228 ರನ್ ಬೆನ್ನಟ್ಟಿ ಗೆದ್ದಿತು. ಜಿತೇಶ್ ಶರ್ಮಾ 33 ಬಾಲ್‌ಗೆ 85 ಹೊಡೆದ ಮ್ಯಾಚ್. ಮುಗಿಯುವ ಹೊತ್ತಿಗೆ ಅಪ್ಪ ಎದ್ದು ನಿಂತಿದ್ದರು. 2008ರ ಮೊದಲ ಪಂದ್ಯದಿಂದ ಈ ತಂಡವನ್ನು ನೋಡುತ್ತಾ ಬಂದವರು ಅವರು. ಮರುದಿನ ತಮ್ಮ ಬೆಂಗಳೂರಿಗೆ ಹೊರಟ. ಅದರ ಮರುದಿನವೇ ಪಂಜಾಬ್ ಜೊತೆ ಮೊದಲ ಕ್ವಾಲಿಫೈಯರ್. ಗೆದ್ದರೆ ನೇರ ಫೈನಲ್.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಸಂಜೆ ನಾನು ಎಷ್ಟು ಅವಸರದಲ್ಲಿದ್ದೆ ಎಂದು ನಿಮಗೆ ಗೊತ್ತಾಗಬೇಕು.

ಕೆಲಸ ಮುಗಿಸಿ ಮನೆಗೆ ಬಂದಾಗ ಏಳು ಗಂಟೆ. ಹೊರಗೆ ಜೋರು ಮಳೆ, ಮೊಬೈಲ್ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಆಗ ಫೋನಿಗೆ ಮಾತ್ರ ಸಾಕಾದರೆ ಮೂರು ತಿಂಗಳಿಗೆ 149 ರೂಪಾಯಿ, ಟೀವಿಯಲ್ಲೂ ಬೇಕಾದರೆ 299 ಇತ್ತು. ಅಪ್ಪನ ಕಣ್ಣಿಗೆ ಟೀವಿಯೇ ಬೇಕು ಎಂದು 299 ಆರಿಸಿದೆ. 7:10ಕ್ಕೆ ಯುಪಿಐನಲ್ಲಿ ಪಿನ್ ಒತ್ತಿದೆ. ಚಕ್ರ ತಿರುಗುತ್ತಲೇ ಇತ್ತು. ಖಾತೆಯಿಂದ ದುಡ್ಡು ಹೋದ ಮೆಸೇಜ್ ಬಂತು, ಆದರೆ ಟೀವಿಯಲ್ಲಿ ಪ್ಲಾನ್ ತೆಗೆದುಕೊಳ್ಳಿ ಎಂದೇ ತೋರಿಸುತ್ತಿತ್ತು. ತಪ್ಪು ಮಳೆಯ ದಿನದ ನೆಟ್‌ವರ್ಕ್‌ನದು, ಆಪ್‌ನದಲ್ಲ. ಅಪ್ಪ ಕುರ್ಚಿ ಎಳೆದುಕೊಂಡು ಕೂತು, "ಟಾಸ್ ಆಯ್ತೇನೋ ಪುಟ್ಟಿ" ಅಂದರು.

ನಾನು ಗೂಗಲ್‌ನಲ್ಲಿ ಆಪ್‌ನ ಹೆಸರು ಹೊಡೆದು, ಪಕ್ಕಕ್ಕೆ ಕಸ್ಟಮರ್ ಕೇರ್ ನಂಬರ್ ಎಂದು ಸೇರಿಸಿ ಹುಡುಕಿದೆ. ಮೇಲೇ ಒಂದು ಪುಟ ಬಂತು. ಅದೇ ಬಣ್ಣ, ಅದೇ ಲೋಗೋ, ಕೆಳಗೆ ಹತ್ತು ಅಂಕಿಯ ಮೊಬೈಲ್ ನಂಬರ್. ಎರಡನೇ ರಿಂಗ್‌ಗೇ ಎತ್ತಿದರು. ದೊಡ್ಡ ಕಂಪನಿಯ ನಂಬರಿಗೆ ಫೋನ್ ಮಾಡಿದರೆ ಅಷ್ಟು ಬೇಗ ಯಾರಾದರೂ ಎತ್ತುತ್ತಾರಾ? ಆಗ ಇದು ತಲೆಗೆ ಹೊಳೆಯಲಿಲ್ಲ.

ಮೊದಲು ಹಿಂದಿ. ಕನ್ನಡ ಅಂದ ಕೂಡಲೇ ಇನ್ನೊಬ್ಬರಿಗೆ ಕೊಟ್ಟರು. ಒಳ್ಳೆಯ ಕನ್ನಡ, ತುಂಬಾ ಸಮಾಧಾನದ ದನಿ. "ನಿಮ್ಮ ಪೇಮೆಂಟ್ ಪೆಂಡಿಂಗ್ ತೋರಿಸ್ತಾ ಇದೆ ಮೇಡಂ. ಮ್ಯಾಚ್ ಶುರುವಾಗೋದ್ರೊಳಗೆ ಮಾಡಿಕೊಡ್ತೀನಿ, ಟೆನ್ಷನ್ ತಗೋಬೇಡಿ" ಅಂದ. ವಾಟ್ಸಾಪ್‌ಗೆ ಒಂದು ಫೈಲ್ ಕಳಿಸಿದ, ಹೆಸರಿನ ಕೊನೆಗೆ ಎಪಿಕೆ ಅಂತಿತ್ತು, ಅಂದರೆ ಪ್ಲೇ ಸ್ಟೋರ್‌ಗೆ ಹೋಗದೆ ನೇರವಾಗಿ ಆಪ್ ಹಾಕುವ ಫೈಲ್. ಅದು ಸಪೋರ್ಟ್ ಆಪ್, ಇನ್‌ಸ್ಟಾಲ್ ಮಾಡಿ ಅಂದ. ಇದು ಅಪಾಯಕಾರಿ ಇರಬಹುದು ಎಂದು ಫೋನ್ ಎಚ್ಚರಿಕೆ ಕೊಟ್ಟಿತು. ಓದಿ ಹೇಳಿದೆ. "ಅದು ಎಲ್ಲರಿಗೂ ಬರುತ್ತೆ ಮೇಡಂ, ಅಲೋ ಕೊಡಿ" ಅಂದ. ಕೊಟ್ಟೆ. ಎಸ್‌ಎಂಎಸ್ ಓದಲು ಅನುಮತಿ ಕೇಳಿತು. ಅದನ್ನೂ ಕೊಟ್ಟೆ. ಖಾತೆ ಖಚಿತಪಡಿಸಲು 5 ರೂಪಾಯಿ ಕಟ್ಟಬೇಕು ಎಂದು ಒಂದು ಫಾರ್ಮ್ ತೆರೆಯಿತು. ಡೆಬಿಟ್ ಕಾರ್ಡ್ ನಂಬರ್, ಅವಧಿ ಮುಗಿಯುವ ತಿಂಗಳು, ಹಿಂದಿನ ಮೂರು ಅಂಕಿ, ಎಲ್ಲವನ್ನೂ ನಾನೇ ಕೈಯಾರೆ ತುಂಬಿದೆ.

ಆತ ಒಟಿಪಿ ಕೇಳಲೇ ಇಲ್ಲ. ಅದಕ್ಕೇ ನನಗೆ ಅನುಮಾನ ಬರಲಿಲ್ಲ. ಒಟಿಪಿ ಕೇಳಿದರೆ ಕೊಡಬಾರದು ಎಂದು ನಮಗೆಲ್ಲ ಗೊತ್ತು, ಅಲ್ವಾ? ಆದರೆ ಎಸ್‌ಎಂಎಸ್ ಓದುವ ಅನುಮತಿ ಪಡೆದ ಆಪ್ ಒಟಿಪಿಯನ್ನು ತಾನೇ ಓದಿ ಅವರಿಗೆ ಕಳಿಸುತ್ತದೆ. ಬ್ಯಾಂಕಿನ ಮೆಸೇಜ್ ನಮಗೆ ಕಾಣದಂತೆ ಮಾಡುವ ಆಪ್‌ಗಳೂ ಇವೆ ಎಂದು ಆಮೇಲೆ ಪೊಲೀಸರು ಹೇಳಿದರು. ನಮ್ಮ ಬಾಯಿಂದ ಒಂದು ಅಂಕಿಯೂ ಹೊರಗೆ ಬರಬೇಕಾಗಿಲ್ಲ. "ಹತ್ತು ನಿಮಿಷ ಫೋನ್ ಮುಟ್ಟಬೇಡಿ, ಪ್ರೊಸೆಸ್ ಆಗ್ತಾ ಇರುತ್ತೆ" ಎಂದು ಆತ ಕಾಲ್ ಮುಗಿಸಿದ.

7:40ರ ಹೊತ್ತಿಗೆ ಟೀವಿಯಲ್ಲಿ ಮ್ಯಾಚ್ ಬಂತು. ಆತ ಮಾಡಿಕೊಟ್ಟ ಎಂದೇ ನಂಬಿದೆ. ಧನ್ಯವಾದ ಎಂದು ಮೆಸೇಜ್ ಕೂಡ ಹಾಕಿದೆ. ಅಸಲಿಗೆ ಆಗಿದ್ದೇನು ಅಂದರೆ, 7:10ಕ್ಕೆ ನಾನು ಕಟ್ಟಿದ 299 ತಡವಾಗಿ ಹೋಗಿ ಸೇರಿತ್ತು. ಪ್ಲಾನ್ ತಾನಾಗಿಯೇ ಚಾಲೂ ಆಗಿತ್ತು. ಅರ್ಧ ಗಂಟೆ ಸುಮ್ನೆ ಕೂತಿದ್ದರೆ ಸಾಕಿತ್ತು. ಸೇರದೇ ಇದ್ದಿದ್ದರೂ ಚಿಂತೆ ಇರಲಿಲ್ಲ. ಯುಪಿಐನಲ್ಲಿ ದುಡ್ಡು ಕಡಿತವಾಗಿ ವ್ಯಾಪಾರಿಗೆ ಖಚಿತವಾಗದೆ ಇದ್ದರೆ ವಹಿವಾಟಿನ ದಿನದ ನಂತರ ಐದು ದಿನದೊಳಗೆ ಅದು ತಾನಾಗಿಯೇ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ. ನನಗೆ ಇದು ಗೊತ್ತಿರಲಿಲ್ಲ. ದುಡ್ಡು ಕಡಿತವಾಯಿತು ಎಂದು ಗಾಬರಿಯಾಗುವ ಎಲ್ಲರಿಗೂ ಇದನ್ನು ತಿಳಿಸಿ.

ಪಂಜಾಬ್ 101ಕ್ಕೆ ಆಲೌಟ್ ಆಯಿತು. ಹೇಜಲ್‌ವುಡ್ ಮೂರು, ಸುಯಶ್ ಶರ್ಮಾ ಮೂರು ವಿಕೆಟ್. ಆರ್‌ಸಿಬಿ ಹತ್ತೇ ಓವರ್‌ನಲ್ಲಿ ಹೊಡೆದು ಮುಗಿಸಿತು. ನಾವು ಅಷ್ಟು ಖುಷಿಯಾಗಿ ಕೂತಿದ್ದ ಹೊತ್ತಿನಲ್ಲೇ 7:52ಕ್ಕೆ 19,999, 7:54ಕ್ಕೆ ಮತ್ತೆ 19,999, 8:03ಕ್ಕೆ 8,400 ಹೋಗಿತ್ತು. ಮೂರೂ ಗಿಫ್ಟ್ ವೋಚರ್ ಖರೀದಿ. ಫೋನ್ ನನ್ನ ಪಕ್ಕದಲ್ಲೇ ಇತ್ತು. ಒಂದು ಮೆಸೇಜೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಹಾಲಿನ ಬೂತ್‌ನಲ್ಲಿ 52 ರೂಪಾಯಿ ಕಟ್ಟಲು ಹೋದಾಗ ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂದು ಬಂತು. ಅಲ್ಲೇ ಕಾಲು ಕುಸಿದಂತಾಯಿತು.

ಕಾರ್ಡ್‌ನ ಹಿಂದಿದ್ದ ಬ್ಯಾಂಕ್ ನಂಬರಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿದೆ. ಆಮೇಲೆ 1930. ಸೈಬರ್ ವಂಚನೆಗೆ ಇಡೀ ದೇಶಕ್ಕೆ ಇರುವ ಸಹಾಯವಾಣಿ ಅದು. ಯಾವ ಹೊತ್ತಿಗೆ ಎಷ್ಟು ಹೋಯಿತು, ವಹಿವಾಟಿನ ಸಂಖ್ಯೆ ಏನು ಎಂದು ಕೇಳುತ್ತಾರೆ, ಅದನ್ನು ಮುಂದೆ ಇಟ್ಟುಕೊಂಡೇ ಫೋನ್ ಮಾಡಿ. ಸೈಬರ್‌ಕ್ರೈಮ್ ಡಾಟ್ ಜಿಓವಿ ಡಾಟ್ ಇನ್ ಎಂಬ ಸರ್ಕಾರಿ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ನಮ್ಮ ರಾಜ್ಯದಲ್ಲಿ ಜಿಲ್ಲೆಗಳಲ್ಲಿ ಸೆನ್ ಪೊಲೀಸ್ ಠಾಣೆ ಅಂತ ಇದೆ, ಸೈಬರ್ ಅಪರಾಧ ನೋಡಿಕೊಳ್ಳುವುದು ಅವರೇ. ಅಲ್ಲಿಗೂ ಹೋದೆ. ಅಲ್ಲಿನ ಅಧಿಕಾರಿ ಬೈಯಲಿಲ್ಲ. "ರಾತ್ರಿಯೇ ಫೋನ್ ಮಾಡಿದ್ರೆ ಜಾಸ್ತಿ ಉಳೀತಿತ್ತಮ್ಮ" ಅಂದರು ಅಷ್ಟೇ. ಮೂರನೇ ವೋಚರ್ ಇನ್ನೂ ಬಳಕೆ ಆಗಿರಲಿಲ್ಲ. ಅದು ರದ್ದಾಗಿ 8,400 ರೂಪಾಯಿ ಒಂದೂವರೆ ತಿಂಗಳಿಗೆ ವಾಪಸ್ ಬಂತು. ಉಳಿದ 39,998 ಬಂದಿಲ್ಲ. ಫೀಸ್‌ಗೆ ತಮ್ಮನ ಹತ್ತಿರ ಸಾಲ ಮಾಡಿದೆ.

ಬ್ಯಾಂಕ್ ಕೊಡುವುದಿಲ್ಲವೇ ಎಂದು ತುಂಬಾ ಜನ ಕೇಳಿದರು. ಆಗ ಜಾರಿಯಲ್ಲಿದ್ದ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ಗ್ರಾಹಕರದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹೊರಗಿನವರಿಂದ ಮೋಸವಾಗಿದ್ದು, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ. ಆದರೆ ಕಾರ್ಡ್ ವಿವರವನ್ನು ನಾವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಹೋದದ್ದೆಲ್ಲ ನಮ್ಮ ತಲೆಯ ಮೇಲೆ. ತಿಳಿಸಿದ ಮೇಲೂ ಹೋದರೆ ಅದು ಬ್ಯಾಂಕಿನ ಹೊಣೆ. ಆದ್ದರಿಂದ ಸ್ವಲ್ಪ ಅನುಮಾನ ಬಂದರೂ ಮೊದಲು ಬ್ಯಾಂಕಿಗೆ ಹೇಳಿ, ನಾಚಿಕೆ ಪಡುತ್ತಾ ಕೂರಬೇಡಿ.

ಆ ಆಪ್ ತೆಗೆಯಲು ಹೋದರೆ ಫೋನಿನಲ್ಲಿ ಅದರ ಐಕಾನ್ ಕೂಡ ಇರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಪ್‌ಗಳ ಪಟ್ಟಿ ತೆರೆದಾಗ ಸಿಕ್ಕಿತು. ಅಲ್ಲಿಯವರೆಗೆ ನೆಟ್ ಆಫ್ ಮಾಡಿಟ್ಟಿದ್ದೆ. ಕೊನೆಗೆ ಫೋಟೋಗಳನ್ನು ಬೇರೆಡೆ ಇಟ್ಟು ಫೋನನ್ನು ಪೂರ್ತಿ ರೀಸೆಟ್ ಮಾಡಿದೆವು. ಪಾಸ್‌ವರ್ಡ್, ಯುಪಿಐ ಪಿನ್ ಎಲ್ಲ ಬದಲಾಯಿಸಿದೆವು. ಇಂಥದ್ದು ಆದರೆ ಪಾಸ್‌ವರ್ಡ್ ಬದಲಾಯಿಸುವುದನ್ನು ಅದೇ ಫೋನಿನಲ್ಲಿ ಮಾಡಬೇಡಿ, ಮನೆಯವರ ಬೇರೆ ಫೋನ್ ಬಳಸಿ.

ನಾನು ಓದಿದವಳು, ದಿನವೂ ಯುಪಿಐ ಬಳಸುವವಳು. ನನಗೇ ಯಾಕೆ ಹೀಗಾಯಿತು ಎಂದು ತುಂಬಾ ಯೋಚಿಸಿದೆ. ಕೇಬಲ್ ಇದ್ದಾಗ ಚಾನೆಲ್ ಹೋದರೆ ನಾವು ಕೇಬಲ್ ಅಣ್ಣನಿಗೆ ಫೋನ್ ಮಾಡುತ್ತಿದ್ದೆವು. ಹದಿನೈದು ವರ್ಷದಿಂದ ಒಂದೇ ನಂಬರ್. ಮಳೆಯಲ್ಲೂ ಬಂದು ಕಂಬ ಹತ್ತಿ ಸರಿ ಮಾಡಿ ಹೋಗುತ್ತಿದ್ದರು. ಮ್ಯಾಚ್ ಇದ್ದ ದಿನ ಹೇಳುವುದೇ ಬೇಡ, ನಾವು ಕೇಳುವ ಮೊದಲೇ "ಈಗ ಬಂತಾ ನೋಡಿ ಯಜಮಾನ್ರೇ" ಎಂದು ಅಪ್ಪನಿಗೆ ಕೂಗುತ್ತಿದ್ದರು. ಟೀವಿ ನಿಂತರೆ ಒಂದು ನಂಬರಿಗೆ ಫೋನ್ ಮಾಡಬೇಕು, ಒಬ್ಬ ಮನುಷ್ಯ ಉತ್ತರ ಕೊಡುತ್ತಾನೆ ಎನ್ನುವುದು ನಮ್ಮ ಕೈಗೆ ಅಂಟಿಕೊಂಡ ಅಭ್ಯಾಸ. ಕೇಬಲ್ ತೆಗೆಸಿದರೂ ಆ ಅಭ್ಯಾಸ ಹೋಗಿರಲಿಲ್ಲ. ಕೇಬಲ್ ಅಣ್ಣ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಈ ಕಳ್ಳರು ಬಂದು ನಿಂತಿದ್ದಾರೆ. ಮ್ಯಾಚ್‌ನ ಸಮಯ ನಮಗಿಂತ ಚೆನ್ನಾಗಿ ಅವರಿಗೆ ಗೊತ್ತು.

ಆಪ್‌ಗೆ ಸಹಾಯ ಬೇಕಾದರೆ ಅದೇ ಆಪ್ ತೆರೆದು ಅದರೊಳಗಿನ ಹೆಲ್ಪ್ ಭಾಗಕ್ಕೆ ಹೋಗಿ. ಹೊರಗೆ ಎಲ್ಲೂ ನಂಬರ್ ಹುಡುಕಬೇಡಿ. ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲ್ ಯಾರು ಕಳಿಸಿದ್ದರೂ, ನೆಂಟರೇ ಕಳಿಸಿದ್ದರೂ, ತೆರೆಯಬೇಡಿ. ಐಪಿಎಲ್ ಫ್ರೀ ಲೈವ್ ಎಂದು ಗುಂಪುಗಳಲ್ಲಿ ಓಡಾಡುವ ಫೈಲ್‌ಗಳ ಒಳಗೂ ಇಂಥದ್ದೇ ಇರಬಹುದು. ಪ್ಲಾನ್ ತೆಗೆದುಕೊಳ್ಳುವುದಾದರೆ ಮ್ಯಾಚ್‌ಗೆ ಎರಡು ದಿನ ಮೊದಲೇ, ನೆಟ್‌ವರ್ಕ್ ಚೆನ್ನಾಗಿರುವಾಗ ತೆಗೆದುಕೊಳ್ಳಿ. ಡೆಬಿಟ್ ಕಾರ್ಡ್‌ನಲ್ಲಿ ಆನ್‌ಲೈನ್ ಖರೀದಿ ಆಫ್ ಮಾಡುವ ಅವಕಾಶ ಬ್ಯಾಂಕ್ ಆಪ್‌ನಲ್ಲೇ ಇರುತ್ತದೆ. ನಾನು ಈಗ ಬೇಕಾದಾಗ ಮಾತ್ರ ಆನ್ ಮಾಡುತ್ತೇನೆ.

ತಿಂಗಳ ಖರ್ಚೇ ಬೇಡ ಅನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ. ಡಿಶ್ ಮತ್ತು ಬಾಕ್ಸ್‌ಗೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು. 2007ರ ಕಾನೂನಿನಂತೆ ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಗುರುತಿಸಿದ ಪಂದ್ಯಗಳನ್ನು ಖಾಸಗಿ ವಾಹಿನಿಗಳು ದೂರದರ್ಶನ ನಡೆಸುವ ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು. ಭಾರತ ಆಡುವ ವಿಶ್ವಕಪ್ ಪಂದ್ಯಗಳು ಇದರಲ್ಲಿ ಬರುತ್ತವೆ. ಐಪಿಎಲ್ ಬರುವುದಿಲ್ಲ. ಇಲ್ಲೂ ಒಂದು ಎಚ್ಚರ: ಫ್ರೀ ಡಿಶ್‌ಗೆ ತಿಂಗಳ ರೀಚಾರ್ಜ್ ಅನ್ನುವುದೇ ಇಲ್ಲ. ರೀಚಾರ್ಜ್ ಮಾಡಿ ಎಂದು ಫೋನ್ ಬಂದರೆ ಅದು ಮೋಸವೇ.

ಜೂನ್ 3ರ ಫೈನಲ್ ನೋಡಲು ನನಗೆ ಮನಸ್ಸಿರಲಿಲ್ಲ. ಅಪ್ಪ ಕೂಡ ಟೀವಿ ಬೇಡ ಅಂದಿದ್ದರು. ತಮ್ಮನೇ ಫೋನ್ ಮಾಡಿ, "ಅಪ್ಪ, ಹದಿನೆಂಟು ವರ್ಷ ಕಾದಿದ್ದೀರಿ, ಪ್ಲಾನ್‌ಗೆ ದುಡ್ಡೂ ಕಟ್ಟಾಗಿದೆ, ನೋಡಿ" ಅಂದ. ಆರು ರನ್‌ನಿಂದ ಗೆದ್ದಾಗ ಅಪ್ಪನ ಕಣ್ಣು ತುಂಬಿತ್ತು. ಸ್ವಲ್ಪ ಹೊತ್ತು ಬಿಟ್ಟು ನನ್ನ ತಲೆ ಸವರಿ, "ಪುಟ್ಟಿ, ನಾನು ಟಾಸ್ ಟಾಸ್ ಅಂತ ಅವಸರ ಮಾಡಬಾರದಿತ್ತು" ಅಂದರು. ಈಗ ಭಾರತದ ಮ್ಯಾಚ್ ಇದ್ದರೆ ಹಿಂದಿನ ದಿನವೇ ಅವರು ಟೀವಿ ಹಾಕಿ ಆಪ್ ತೆರೆಯುತ್ತದಾ ಎಂದು ನೋಡಿಟ್ಟಿರುತ್ತಾರೆ.